ನಾಲ್ಕು ಪೈಥಾನ್ ಮತ್ತು ಶಾಂತಕ್ಕನ ಆಯೇರಿ ಸೀರೆ

ಜಮಖಂಡಿಯ ಸರಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ಕಳೆದ ಬೇಸಿಗೆ ರಜೆಯಲ್ಲಿ ಶಿಕ್ಷಕರಿಗೆಂದು ಒಂದು ತರಬೇತಿ ನಡೆಯಿತು. ಅಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ಕಲಿತೆ. ಕಲಿತೆ ಎನ್ನುವುದು ದೊಡ್ಡ ಮಾತು. ಅದಕ್ಕೂ ನನಗೂ ಪರಿಚಯವಾಯಿತು ಎನ್ನಬಹುದು. ಆದರೆ ಒಮ್ಮೆ ಪರಿಚಯವಾದವರನ್ನೆಲ್ಲ ಖಾಸಾ ಗೆಳೆಯರೆಂದು ಹೇಳಿಕೊಂಡು ತಿರುಗುವುದು ನನ್ನ ಹುಟ್ಟುಗುಣ. ತರಬೇತಿಯಿಂದ ಬಂದದ್ದೇ ತಡ, ಓಣಿಯಲ್ಲಿ ಯಾರ ಮೊಬೈಲು ಬಿಸಿಯಾದರೂ, ಯಾರ ಟೀವಿಯಲ್ಲಿ ಚುಕ್ಕೆ ಬಂದರೂ, "ಇದಕ್ಕ ಪೈಥಾನಿನ್ಯಾಗ ಒಂದ ಪ್ರೋಗ್ರಾಮ್ ಬರೀಬೇಕ ನೋಡ್ರಿ" ಎಂದು ಗಂಭೀರವಾಗಿ ಹೇಳತೊಡಗಿದೆ. ಬರೆಯಿರಿ ಎಂದು ಯಾರೂ ಅನ್ನಲಿಲ್ಲ. ಅದು ಅವರ ಪುಣ್ಯ.

ಅಂದವನು ಒಬ್ಬನೇ. ನನ್ನ ಹೆಂಡತಿ ಗಿರಿಜಾಳ ತಮ್ಮ, ಮಲ್ಲು.

ಮಲ್ಲು ಇರುವುದು ಬನಹಟ್ಟಿಯಲ್ಲಿ. ಮನೆಯ ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮ್ ಹಾಕಿಕೊಂಡಿದ್ದಾನೆ. ಇಷ್ಟು ದಿನ ವ್ಯಾಪಾರಸ್ಥರು ಕೊಟ್ಟ ನೂಲಿಗೆ, ವ್ಯಾಪಾರಸ್ಥರು ಹೇಳಿದ ಡಿಸೈನಿಗೆ ಕೂಲಿ ನೇಯುತ್ತಿದ್ದವನು, ಈ ಸಲ ಧೈರ್ಯ ಮಾಡಿ ತನ್ನದೇ ಒಂದು ಡಿಸೈನು ಮಾಡಿದ್ದ. ದಡಿಯ, ಅಂದರೆ ಅಂಚಿನ, ಉದ್ದಕ್ಕೂ ಪುಟ್ಟ ಪುಟ್ಟ ಗುಬ್ಬಿಗಳ ಸಾಲು. ನಿಜಕ್ಕೂ ಚೆಂದ. ಅಂಥ ಒಂದು ಸೀರೆಯನ್ನು ಗಿರಿಜಾ ಯಾರದೋ ಮನೆಯ ತೊಟ್ಟಿಲ ಕಾರ್ಯಕ್ಕೆ ಉಟ್ಟುಕೊಂಡು ಹೋದಾಗ, ಮುಧೋಳದ ಶಾಂತಕ್ಕ ಎಂಬವರ ಕಣ್ಣು ಅದರ ಮೇಲೆ ಬಿತ್ತು. ಅವರ ಮಗನ ಮದುವೆ ಗೊತ್ತಾಗಿತ್ತು. ಬಳಗದ ಹೆಂಗಸರಿಗೆಲ್ಲ ಆಯೇರಿ, ಅಂದರೆ ಮದುವೆಯ ಉಡುಗೊರೆ, ಮಾಡಲು ಇದೇ ಗುಬ್ಬಿ ದಡಿಯ ಸೀರೆ ಬೇಕು, ಆದರೆ ಬಣ್ಣ ಮಾತ್ರ ತಾವೇ ನೋಡಿ ಹೇಳಬೇಕು ಎಂದರು. ಭಾನುವಾರ ಬನಹಟ್ಟಿಗೇ ಬರುತ್ತೇವೆ ಎಂದೂ ಹೇಳಿ ಕಳಿಸಿದರು.

ಮಲ್ಲುವಿನ ಬಾಳಿನಲ್ಲಿ ಇದು ಮೊದಲ ಸ್ವಂತ ಆರ್ಡರು. ಖುಷಿಗೆ ಅವನು ಊಟ ಬಿಟ್ಟಿದ್ದ. ಚಿಂತೆಗೆ ನಿದ್ದೆಯನ್ನೂ ಬಿಟ್ಟಿದ್ದ.

"ಒಂದೊಂದ ಬಣ್ಣಕ್ಕ ಒಂದೊಂದ ಸ್ಯಾಂಪಲ್ ನೇಯಬೇಕಂದ್ರ ಮಗ್ಗದ ಹಾಸುನೂಲ ಬದಲಿ ಮಾಡಬೇಕ ಮಾಮಾ. ಒಡಲಿಗಿ ಒಂದ ಬಣ್ಣ, ದಡಿಗಿ ಒಂದ, ಸೆರಗಿಗಿ ಒಂದ. ಭಾನುವಾರದೊಳಗ ಎಷ್ಟಂತ ನೇಯಲಿ?" ಎಂದು, ನಾವು ಬನಹಟ್ಟಿಗೆ ಹೋದಾಗ, ಅವನು ತಲೆಯ ಮೇಲೆ ಕೈ ಹೊತ್ತು ಕೂತ.

ನಾನು ಅತ್ತೆ ಬಡಿಸಿದ ಶೇಂಗಾ ಹೋಳಿಗೆಯ ಮೇಲೆ ತುಪ್ಪ ಹಾಕಿಕೊಳ್ಳುತ್ತಿದ್ದೆ. ಹೊಟ್ಟೆ ತುಂಬಿದಾಗ ನನಗೆ ಧೈರ್ಯ ಜಾಸ್ತಿ.

"ಸ್ಯಾಂಪಲ್ ಯಾಕ ನೇಯ್ತಿ ಹುಚ್ಚಾ? ನಾ ಇದ್ದೇನಲ್ಲ! ಒಂದ ಸೀರಿ ಫೋಟೋ ಕೊಡು. ಪೈಥಾನಿನ್ಯಾಗ ಪ್ರೋಗ್ರಾಮ್ ಬರದು, ಬಟನ್ ಒತ್ತಿದ್ರ ಒಡಲು ಕೆಂಪ, ಮತ್ತ ಒತ್ತಿದ್ರ ಹಸರ, ಮತ್ತ ಒತ್ತಿದ್ರ ನೀಲಿ! ನಿಮ್ಮ ದೊಡ್ಡ ಟೀವಿಗಿ ಹಚ್ಚಿ ತೋರಸೂಣು. ಮುಧೋಳದ ಮಂದಿ ದಂಗ ಬಡೀಬೇಕು!"

ಮಲ್ಲುವಿನ ಮುಖ ಅರಳಿತು. ಗಿರಿಜಾಳ ಮುಖ ಮುದುಡಿತು. ತವರುಮನೆಯಲ್ಲಿ ಗಂಡ ಬಾಯಿ ತೆರೆದಾಗಲೆಲ್ಲ ಅವಳು ಬೆಚ್ಚಿ ಬೀಳುವುದು ಮದುವೆಯಾದಾಗಿನಿಂದ ನಡೆದು ಬಂದ ಪದ್ಧತಿ.

"ಪೈಥಾನ್ ಅಂದ್ರ ಏನ್ರಿ ಅಳಿಯಾರ?" ಎಂದು ಅತ್ತೆ ಕೇಳಿದರು.

"ಹೆಬ್ಬಾವ ಬೇ ಯವ್ವಾ," ಎಂದಳು ಗಿರಿಜಾ. "ಸುಮ್ನ ಮಲಗಿರತೈತಿ. ಇವರು ಹೋಗಿ ತುಳಿತಾರು."

ಆದರೆ ಓದುಗರೇ, ಪ್ರೋಗ್ರಾಮು ಓಡಿತು! ಜಮಖಂಡಿಗೆ ಬಂದು ನಾಲ್ಕಾರು ದಿನ ತಿಣುಕಿ ಬರೆದೆ. ಪೈಥಾನಿಗೆ ತನ್ನಷ್ಟಕ್ಕೇ ಫೋಟೋ ತೆರೆದು ಬಣ್ಣ ಬದಲಿಸಲು ಬರುವುದಿಲ್ಲ. ಅದಕ್ಕೆ ಬೇರೆಯವರು ಬರೆದಿಟ್ಟ ಒಂದು ಸಾಮಾನಿನ ಗಂಟು ತಂದು ಜೋಡಿಸಬೇಕು. ಇಂಥ ಗಂಟಿಗೆ ಮಾಡ್ಯೂಲ್ ಎನ್ನುತ್ತಾರೆ. ಫೋಟೋ ಕೆಲಸದ ಗಂಟಿನ ಹೆಸರು ಪಿಲ್ಲೋ. ಅಂಗಡಿಯಿಂದ ತರಿಸುವಾಗ ಪಿಲ್ಲೋ ಎನ್ನಬೇಕು, ಮನೆಯೊಳಗೆ ಕರೆಯುವಾಗ ಪಿಐಎಲ್ ಎನ್ನಬೇಕು. ನಮ್ಮಲ್ಲಿ ಸಾಲೆಯ ಹೆಸರು ಮಲ್ಲಿಕಾರ್ಜುನ, ಮನೆಯ ಹೆಸರು ಮಲ್ಲು ಇದ್ದ ಹಾಗೆ. ನಾನು ತರಿಸಿದೆ, ಕರೆದೆ, ಬಟನ್ ಒತ್ತಿದೆ. ಗೋಡೆಯ ಮೇಲೆ ತೂಗುಹಾಕಿ ಫೋಟೋ ತೆಗೆದಿದ್ದ ರಾಣಿ ಬಣ್ಣದ ಸೀರೆ ಕಣ್ಣೆದುರಿಗೇ ಗಿಳಿಹಸಿರು ಆಯಿತು!

ಕುರ್ಚಿಯ ಮೇಲೆ ಎದ್ದು ನಿಂತು ಕೂಗಿದೆ. ಗಿರಿಜಾ ಒಲೆ ಆರಿಸಿ ಓಡಿ ಬಂದಳು. ನೋಡಿದಳು. ಮತ್ತೊಮ್ಮೆ ಒತ್ತಲು ಹೇಳಿದಳು.

"ಖರೇನ ಛಲೋ ಐತ್ರೀ," ಎಂದಳು. ಅವಳ ಬಾಯಿಂದ ಇಂಥ ಮಾತು ಬಂದ ಸಂಭ್ರಮದಲ್ಲಿ ಅದರ ಮುಂದಿನ ಮಾತನ್ನು ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. "ಇನ್ನ ಅದನ್ನ ಮುಟ್ಟಬ್ಯಾಡ್ರಿ. ಹಿಂಗ ಮುಚ್ಚಿ, ಹಿಂಗ ಬನಹಟ್ಟಿಗಿ ಒಯ್ಯೂಣು."

ಭಾನುವಾರ ಬೆಳಿಗ್ಗೆ ಗಿರಿಜಾ ಸ್ನಾನಕ್ಕೆ ಹೋದಾಗ ನಾನು ಅದನ್ನು ಮುಟ್ಟಿದೆ.

ಮುಟ್ಟದೆ ಹೇಗಿರಲಿ? ಪೈಥಾನಿನ ಹೊಸ ಆವೃತ್ತಿ ಬಂದಿದೆ ಎಂದು ಕಂಡಿತು. ಅತ್ತೆಯ ಮನೆಗೆ ಹೋಗುವಾಗ ಹಳೇ ಅಂಗಿ ಹಾಕಿಕೊಂಡು ಹೋಗುತ್ತೇವೆಯೇ? ಹಾಗೆಯೇ ಹಳೇ ಪೈಥಾನ್ ತೆಗೆದುಕೊಂಡು ಹೋಗುವುದೂ ಮರ್ಯಾದೆಯಲ್ಲ ಎನ್ನಿಸಿತು. ಹೊಸದನ್ನು ಇಳಿಸಿದೆ. ಅದು ಕೇಳಿದ್ದಕ್ಕೆಲ್ಲ ಹೌದು, ಹೌದು, ಆಗಲಿ ಎಂದು ಒತ್ತಿದೆ. ಪ್ರೋಗ್ರಾಮು ಓಡಿಸಿದೆ.

ಕಪ್ಪು ಪರದೆ ತೆರೆಯಿತು. ಕೆಂಪು ಅಕ್ಷರಗಳು ಬಂದವು. ಪಿಐಎಲ್ ಎಂಬ ಹೆಸರಿನ ಮಾಡ್ಯೂಲ್ ಯಾವುದೂ ಇಲ್ಲ!

ಇಲ್ಲವೆಂದರೇನು? ನಿನ್ನೆ ಇತ್ತಲ್ಲ! ಇರಲಿ, ಹೊಸ ಮನೆ, ಸಾಮಾನು ಮತ್ತೆ ತಂದರಾಯಿತು ಎಂದುಕೊಂಡು ಪಿಲ್ಲೋ ತರಿಸುವ ಆಜ್ಞೆ ಕೊಟ್ಟೆ. ಕಂಪ್ಯೂಟರ್ ಅತ್ಯಂತ ವಿನಯದಿಂದ ಉತ್ತರಿಸಿತು: ತಾವು ಕೇಳಿದ್ದು ಈಗಾಗಲೇ ಇದೆ.

ಸರಿ, ಮತ್ತೆ ಓಡಿಸಿದೆ. ಇಲ್ಲ!

ಮತ್ತೆ ತರಿಸಿದೆ. ಈಗಾಗಲೇ ಇದೆ!

ಒಂದು ಕಿಟಕಿ "ಇದೆ" ಎನ್ನುತ್ತದೆ, ಪಕ್ಕದ ಕಿಟಕಿ "ಇಲ್ಲ" ಎನ್ನುತ್ತದೆ. ಎರಡೂ ಒಂದೇ ಪರದೆಯ ಮೇಲೆ, ಅಂಗೈ ಅಗಲದ ದೂರದಲ್ಲಿವೆ. ಎದ್ದು ಹೋಗಿ ಒಂದನ್ನೊಂದು ಕೇಳಬಾರದೇ! ಅಷ್ಟರಲ್ಲಿ ಗಿರಿಜಾ ಬಂದಳು. ನಾನು ಲ್ಯಾಪ್‌ಟಾಪನ್ನು ಪಟಕ್ಕನೆ ಮುಚ್ಚಿದೆ.

"ಮುಟ್ಟೀರೇನು?"

"ಛೇ ಛೇ. ಧೂಳ ಒರಸಾಕತ್ತಿದ್ನಿ."

ಬನಹಟ್ಟಿಯ ಬಸ್ಸಿನಲ್ಲಿ ನಾನು ಇಡೀ ದಾರಿ ಮೊಬೈಲಿನಲ್ಲಿ ತಲೆ ಹುದುಗಿಸಿ ಕೂತೆ. ನನ್ನಂತೆಯೇ ಕೈಕಾಲು ಬಡಿದವರು ಜಗತ್ತಿನ ತುಂಬ ಇದ್ದಾರೆಂದು ತಿಳಿದು ಸಮಾಧಾನವಾಯಿತು. ಅವರಿಗೆ ಬಂದ ಸಲಹೆಗಳನ್ನು ಓದಿ ಸಮಾಧಾನ ಹೋಯಿತು. ಒಬ್ಬ ತೆಗೆದುಹಾಕು ಎಂದಿದ್ದ, ಇನ್ನೊಬ್ಬ ತೆಗೆಯಲೇಬೇಡ ಎಂದಿದ್ದ. ಮತ್ತೊಬ್ಬ ಪುಣ್ಯಾತ್ಮ, ಎಲ್ಲ ಮಾಡ್ಯೂಲುಗಳೂ ತುಂಬಿರುವ ಒಂದು ದೊಡ್ಡ ಪೈಥಾನ್ ಸಿಗುತ್ತದೆ, ಅದನ್ನು ಹಾಕಿಕೊಂಡರೆ ಕಷ್ಟವೆಲ್ಲ ಪರಿಹಾರ ಎಂದಿದ್ದ. ನನಗೆ ಅವನ ಮಾತು ಹಿಡಿಸಿತು. ಬುತ್ತಿ ಕಟ್ಟಿಕೊಂಡೇ ಬರುವ ಪೈಥಾನ್!

ಅತ್ತೆಯ ಮನೆ ಮುಟ್ಟಿದಾಗ ಅಲ್ಲಿ ಹಬ್ಬದ ಕಳೆ. ಮಲ್ಲು ಹೊಸ ಅಂಗಿ ಹಾಕಿದ್ದ. ಟೀವಿಯ ಮೇಲಿನ ಬಟ್ಟೆ ತೆಗೆದು, ಗಾಜು ಒರೆಸಿ, ಎದುರಿಗೆ ಜಮಖಾನೆ ಹಾಸಿದ್ದ. ಓಣಿಯ ಹೆಂಗಸರಿಗೂ ಸುದ್ದಿ ಮುಟ್ಟಿ, ಅವರು ಒಬ್ಬೊಬ್ಬರಾಗಿ ಬಂದು ಜಾಗ ಹಿಡಿದು ಕೂತಿದ್ದರು.

"ಸ್ಯಾಂಪಲ್ ಎಷ್ಟ ನೇಯ್ದಿ ಮಲ್ಲೂ?" ಎಂದು ಗಿರಿಜಾ ಕೇಳಿದಳು.

"ಒಂದೂ ಇಲ್ಲಕ್ಕಾ! ಮಾಮಾ ಅದಾರಲ್ಲ!"

ನಾನು ಲ್ಯಾಪ್‌ಟಾಪ್ ಎತ್ತಿಕೊಂಡೆ. ಒಳಗಿನ ಕೋಣೆಗೆ ಹೋಗಿ, ಮಲ್ಲುವಿನ ಮೊಬೈಲಿನ ಇಂಟರ್ನೆಟ್ ಜೋಡಿಸಿಕೊಂಡು, ಆ ಬುತ್ತಿಯ ಪೈಥಾನನ್ನು ಇಳಿಸಿದೆ. ಅದು ಸಾವಳಗಿಯಿಂದ ಕಬ್ಬಿನ ಟ್ರ್ಯಾಕ್ಟರ್ ಬಂದಂತೆ, ತೂಗಾಡುತ್ತ ನಿಧಾನವಾಗಿ ಬಂದು ನಿಂತಿತು. ಓಡಿಸಿದೆ. ಇಲ್ಲ! ಸುಮ್ಮನೆ ಕಪ್ಪು ಪರದೆಯಲ್ಲಿ ಪೈಥಾನ್ ಎಂದು ಬರೆದು ಒತ್ತಿ ನೋಡಿದೆ. ಕಂಪ್ಯೂಟರಿನ ಸ್ವಂತ ಅಂಗಡಿ ತೆರೆದುಕೊಂಡು, ನಿಮಗೆ ಪೈಥಾನ್ ಬೇಕೇ, ಇಲ್ಲಿದೆ ನೋಡಿ ಎಂದು ಇನ್ನೊಂದನ್ನು ಮುಂದೆ ಹಿಡಿಯಿತು. ಬೇಡ ಎನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅದನ್ನೂ ಹಾಕಿಕೊಂಡೆ.

ಓಡಿಸಿದೆ. ಇಲ್ಲ!

"ಪಿಲ್ಲೋ ಐತಿ ಅಂತೈತಿ, ಪಿಲ್ಲೋ ಇಲ್ಲ ಅಂತೈತಿ! ಎಲ್ಲಿ ಹೋತ ಈ ಸುಡಗಾಡ ಪಿಲ್ಲೋ!" ಎಂದು ಗಟ್ಟಿಯಾಗಿಯೇ ಕೂಗಿದೆ.

ಓಣಿಯಲ್ಲಿ ಪಿಲ್ಲೋ ಕವರ್ ಮಾರಿಕೊಂಡು ಬರುವವನ ಕೃಪೆಯಿಂದ ಆ ಒಂದು ಇಂಗ್ಲಿಷ್ ಶಬ್ದ ಅತ್ತೆಗೆ ಚೆನ್ನಾಗಿ ಗೊತ್ತಿತ್ತು. ಅವರು ಒಂದು ತಲೆದಿಂಬು ಹಿಡಿದುಕೊಂಡು ಗಡಿಬಿಡಿಯಿಂದ ಬಂದರು.

"ಇಲ್ಲೆ ಐತ್ರೀ ಅಳಿಯಾರ. ಬೆನ್ನಿಗಿ ಹಚ್ಚಿಕೊಂಡ ಕುಂದರ್ರಿ. ಕೇಳೂದಕ್ಕ ಯಾಕ ಸಂಕೋಚ ಮಾಡತೀರಿ?"

ಬೆನ್ನಿಗೆ ದಿಂಬು ಇಟ್ಟು ಹೋದರು. ನಾನು ಒರಗಿಕೊಂಡು ಮತ್ತೆ ಒತ್ತಿದೆ. ಪಿಲ್ಲೋ ಇಲ್ಲ ಎಂದಿತು!

ಅಷ್ಟರಲ್ಲಿ ಹೊರಗೆ ಕಾರು ನಿಂತ ಸಪ್ಪಳ. ಮುಧೋಳದ ಶಾಂತಕ್ಕ ಬಂದರು. ಎತ್ತರದ ಆಳು, ಗಟ್ಟಿ ದನಿ, ನೋಡಿದ್ದನ್ನು ನೋಡಿದ ಹಾಗೆ ಹೇಳುವ ಹೆಂಗಸು. ಜೊತೆಗೆ ಅವರ ನೆಗೆಣ್ಣಿ, ಮೈದುನನ ಹೆಂಡತಿ; ಅವರು ಬಂದಾಗಿನಿಂದ ಹೋಗುವವರೆಗೆ ಒಂದು ಮಾತೂ ಆಡಲಿಲ್ಲ, ಬರೀ ಶಾಂತಕ್ಕನ ಮಾತಿಗೆ ತಲೆ ಆಡಿಸಿದರು.

ಚುರುಮುರಿ ಸೂಸಲ ಬಂತು, ಚಹಾ ಬಂತು. ಎರಡನೆಯ ಸಲವೂ ಚಹಾ ಬಂತು. ಇನ್ನು ತಡೆಯಲಾರದೆ ಮಲ್ಲು ಒಳಗೆ ಬಂದು, ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಟೀವಿಗೆ ವೈರು ಸಿಕ್ಕಿಸಿಬಿಟ್ಟ.

ಗೋಡೆಯಗಲ ಟೀವಿ. ಅದರ ತುಂಬ ಕಪ್ಪು. ಕಪ್ಪಿನ ಮೇಲೆ ಸಾಲು ಸಾಲು ಕೆಂಪು ಅಕ್ಷರ.

ಶಾಂತಕ್ಕ ಕನ್ನಡಕ ಹಾಕಿಕೊಂಡು ಮುಂದೆ ಬಾಗಿ ನೋಡಿದರು. ನಿಧಾನವಾಗಿ ಮಲ್ಲುವಿನ ಕಡೆ ತಿರುಗಿದರು.

"ಕರೀ ಒಡಲಿಗಿ ಕೆಂಪ ಬುಟ್ಟಾ. ಮದವಿ ಆಯೇರಿಗಿ ಕರೀ ಸೀರಿ ಕೊಡತಾರೇನೋ ತಮ್ಮಾ ನಿಮ್ಮ ಕಡೆ?"

"ಅಯ್ಯ, ಅದ ಡಿಸೈನ್ ಅಲ್ರೀ!" ಎಂದು ಮಲ್ಲು ಬೆವರಿದ. "ಅದು... ಮಾಮಾ, ಅದ ಏನದು?"

"ಅದು ಪೀಠಿಕೆ," ಎಂದೆ. "ಸೀರಿ ಇನ್ನ ಮ್ಯಾಲ ಬರತೈತಿ."

"ಗುಬ್ಬಿ ಎಲ್ಲಿ ಅದಾವು?"

"ಅವೂ ಬರತಾವ್ರಿ. ಹಾರಿ ಬರೂದಕ್ಕ ತುಸು ಹೊತ್ತ ಹಿಡೀತೈತಿ."

ಓಣಿಯ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಗಿರಿಜಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಆ ನೋಟದ ಬಿಸಿಗೆ ಲ್ಯಾಪ್‌ಟಾಪಿನ ಫ್ಯಾನು ಇನ್ನೂ ಜೋರಾಗಿ ತಿರುಗಿದಂತೆ ನನಗೆ ಕಂಡಿತು.

ಆಗ ನನ್ನೊಳಗಿನ ಗಣಿತ ಮಾಸ್ತರ ಎಚ್ಚರಗೊಂಡ. ತರ್ಕಬದ್ಧವಾಗಿ ಯೋಚಿಸೋಣ. ಪ್ರೋಗ್ರಾಮನ್ನೆಲ್ಲ ಬದಿಗಿಟ್ಟು, ಪಿಐಎಲ್ ಬರುತ್ತದೆಯೋ ಇಲ್ಲವೋ ಎಂದಷ್ಟೇ ಪರೀಕ್ಷಿಸುವ ಒಂದು ಚಿಕ್ಕ ಫೈಲು ಮಾಡೋಣ. ಮಾಡಿದೆ. ಅದಕ್ಕೊಂದು ಹೆಸರು ಬೇಕಲ್ಲ? ಪರೀಕ್ಷೆ ಯಾವುದರದೋ ಅದರ ಹೆಸರನ್ನೇ ಇಡುವುದು ಶಿಸ್ತು. ಫೈಲಿಗೆ ಪಿಐಎಲ್ ಎಂದೇ ಹೆಸರಿಟ್ಟೆ. ಓಡಿಸಿದೆ.

ತಪ್ಪು ಬರಲಿಲ್ಲ!

"ಸಿಕ್ತು!" ಎಂದು ಜಮಖಾನೆಯ ಮೇಲೆ ಜಿಗಿದೆ. "ಸಿಕ್ತು ಮಲ್ಲೂ, ಸಿಕ್ತು! ಪಿಐಎಲ್ ಸಿಕ್ತು!"

ಮಲ್ಲು ನನ್ನನ್ನು ಅಪ್ಪಿಕೊಂಡ. ಏನು ಸಿಕ್ಕಿತೆಂದು ಗೊತ್ತಿಲ್ಲದಿದ್ದರೂ ಓಣಿಯ ಹೆಂಗಸರು ಚಪ್ಪಾಳೆ ತಟ್ಟಿದರು. ಅತ್ತೆ ದೇವರ ಕೋಣೆಯ ಕಡೆ ತಿರುಗಿ ಕೈ ಮುಗಿದರು. ನಾನು ಎದೆ ಸೆಟೆದುಕೊಂಡು, ಎಲ್ಲರೆದುರಿಗೆ ನಿಜವಾದ ಪ್ರೋಗ್ರಾಮನ್ನು ಓಡಿಸಿದೆ.

ಕಪ್ಪು ಪರದೆ. ಕೆಂಪು ಅಕ್ಷರ. ಆದರೆ ಈ ಸಲ ಬೇರೆ ಅಕ್ಷರ! ಪಿಐಎಲ್ ಸಿಕ್ಕಿದೆ, ಅದರೊಳಗೆ ಚಿತ್ರದ ಸಾಮಾನು ಏನೂ ಇಲ್ಲ!

ಗಂಟು ಸಿಕ್ಕಿದೆ, ಬಿಚ್ಚಿದರೆ ಒಳಗೆ ಖಾಲಿ. ಇದೇಕೆ ಹೀಗೆ ಎಂದು ಆ ಹೊತ್ತಿಗೆ ನನಗೆ ಹೊಳೆಯಲೇ ಇಲ್ಲ.

"ಮತ್ತ ಕರೀ ಸೀರೀನ ಬಂತು," ಎಂದರು ಶಾಂತಕ್ಕ. ಅವರ ನೆಗೆಣ್ಣಿ ತಲೆ ಆಡಿಸಿದರು.

ಗಿರಿಜಾ ಮುಂದೆ ಬಂದಳು. ಮುಖದಲ್ಲಿ ನಗೆ ತಂದುಕೊಂಡು, ಶಾಂತಕ್ಕನ ಕೈ ಹಿಡಿದು ಎಬ್ಬಿಸಿದಳು. "ಇದಕ್ಕ ಇನ್ನ ಹೊತ್ತ ಐತ್ರೀ ಅಕ್ಕಾರ. ಅಷ್ಟೊತ್ತನ ಹಿತ್ತಲದಾಗ ನಮ್ಮ ಮಗ್ಗ ನೋಡಿ ಬರೂಣು, ಬರ್ರಿ." ಹೋಗುವಾಗ ನನ್ನ ಕಿವಿಯ ಬಳಿ ಬಾಗಿ ಹೇಳಿದಳು: "ಸುನೀತಾ ಟೀಚರಗ ಫೋನ್ ಹಚ್ಚರಿ. ಈಗ. ಇಲ್ಲಂದ್ರ ನೀವ ಒಬ್ಬರ ಜಮಖಂಡಿಗಿ ಹೋಗರಿ, ನಾ ಇಲ್ಲೇ ಇರತೇನಿ."

ಸುನೀತಾ ಟೀಚರ್ ನಮ್ಮ ಸಾಲೆಯಲ್ಲಿ ಕಂಪ್ಯೂಟರ್ ಕಲಿಸುವವರು. ಅವರನ್ನು ಕೇಳಬಹುದೆಂಬ ವಿಚಾರ ನನಗೆ ಬೆಳಿಗ್ಗೆಯೇ ಬಂದಿತ್ತು. ಆದರೆ ಸ್ಟಾಫ್ ರೂಮಿನಲ್ಲಿ ಅವರೆದುರಿಗೇ ಪೈಥಾನಿನ ಬಗ್ಗೆ ಭಾಷಣ ಮಾಡಿದವನು ನಾನು. ಈಗ ಆ ಭಾಷಣವನ್ನೆಲ್ಲ ನುಂಗಿಕೊಂಡು ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು.

"ಸರ್, ನಿಮ್ಮ ಲ್ಯಾಪ್‌ಟಾಪಿನ್ಯಾಗ ಪೈಥಾನ್ ಎಷ್ಟ ಅದಾವು?"

"ಎಷ್ಟ ಅಂದ್ರ? ಒಂದ ಇರತೈತಲ್ರಿ?"

"ಒಂದ ಇದ್ರ ಹಿಂಗ ಆಗೂದಿಲ್ರೀ." ಎಣಿಸುವ ಆಜ್ಞೆಯೊಂದನ್ನು ಹೇಳಿಕೊಟ್ಟರು. ಒತ್ತಿದೆ. ಹಳೆಯದು, ಬೆಳಗಿನ ಹೊಸದು, ಬುತ್ತಿ ತಂದದ್ದು, ಅಂಗಡಿಯದು. ನಾಲ್ಕು! ನಾಲ್ಕೂ ಒಂದೇ ಹೆಸರಿಟ್ಟುಕೊಂಡು ಆರಾಮವಾಗಿ ಕೂತಿದ್ದವು.

"ಆತಲ್ರಿ ಮತ್ತ," ಎಂದರು ಟೀಚರ್. "ನೀವು ಪಿಲ್ಲೋ ತರಸಿದಾಗ ಅದು ಹಳೇ ಪೈಥಾನಿನ ಮನೀಗಿ ಹೋಗೈತಿ. ಅಲ್ಲೆ ಮೊದಲ ಇತ್ತು, ಅದಕ್ಕ ಐತಿ ಅಂದೈತಿ. ಪ್ರೋಗ್ರಾಮ್ ಓಡಸೂದು ಮಾತ್ರ ಹೊಸಾದು. ಅದರ ಮನ್ಯಾಗ ಏನೂ ಇಲ್ಲ, ಅದಕ್ಕ ಇಲ್ಲ ಅಂದೈತಿ. ಎರಡೂ ಖರೇನ ಹೇಳ್ಯಾವ್ರಿ ಸರ್."

ಇಬ್ಬರೂ ಖರೆ ಹೇಳುತ್ತಿದ್ದರು! ಇಡೀ ಪ್ರಸಂಗದಲ್ಲಿ ಖರೆ ಹೇಳದವನು ನಾನೊಬ್ಬನೇ. ಧೂಳು ಒರೆಸುತ್ತಿದ್ದೆ ಎಂದಿದ್ದೆನಲ್ಲ.

"ಇನ್ನೊಂದ ಕೇಳತೇನಿ, ಸಿಟ್ಟ ಆಗಬ್ಯಾಡ್ರಿ," ಎಂದರು ಟೀಚರ್. "ಪಿಐಎಲ್ ಅಂತ ಹೆಸರ ಇಟ್ಟ ನೀವ ಯಾವುದಾರ ಫೈಲ್ ಮಾಡೀರೇನು?"

ನಾನು ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿದೆ.

"ಸರ್?"

"ಮಾಡೇನ್ರಿ."

"ಅದನ್ನ ಮೊದಲ ತಗೀರಿ. ಪೈಥಾನ್ ಪಿಐಎಲ್ ಹುಡಕೊಂತ ಬಂದು, ನಿಮ್ಮ ಫೈಲನ್ನ ಪಿಐಎಲ್ ಅಂತ ತಿಳಕೊಂಡೈತಿ."

ಅಂದರೆ ಎಲ್ಲರೂ ಚಪ್ಪಾಳೆ ತಟ್ಟಿದಾಗ ಸಿಕ್ಕಿದ್ದು ಪಿಐಎಲ್ ಅಲ್ಲ, ನಾನು! ಗಂಟು ಬಿಚ್ಚಿದರೆ ಒಳಗೆ ಖಾಲಿ ಯಾಕಿತ್ತೆಂದು ಈಗ ತಿಳಿಯಿತು.

ಫೈಲು ತೆಗೆದೆ. ಇನ್ನು ಯಾವ ಪೈಥಾನ್ ಪ್ರೋಗ್ರಾಮು ಓಡಿಸುತ್ತದೋ ಅದರ ಕೈಯಿಂದಲೇ ಪಿಲ್ಲೋ ತರಿಸಬೇಕು, ಅದಕ್ಕೊಂದು ಆಜ್ಞೆ ಇದೆ ಎಂದು ಟೀಚರ್ ಒಂದೊಂದೇ ಅಕ್ಷರ ಹೇಳತೊಡಗಿದರು. ಆದರೆ ಹಿತ್ತಲಲ್ಲಿ ಮಲ್ಲು ಶಾಂತಕ್ಕನಿಗೆ ತೋರಿಸಲೆಂದು ಎಲ್ಲ ಮಗ್ಗಗಳನ್ನೂ ಚಾಲೂ ಮಾಡಿದ್ದ. ಖಟಾಪಟಿ ಖಟಾಪಟಿ ಎಂದು ಮನೆಯೇ ನಡುಗುತ್ತಿತ್ತು.

"ಎಂ ಹೊಡೀರಿ ಸರ್! ಎಂ!"

"ಎನ್? ನಿಂಗಪ್ಪನ ಎನ್?"

"ಎಂ ರೀ! ಮುಧೋಳದ ಎಂ!"

"ಬುಧೋಳ? ಬುಧೋಳ ಎಲ್ಲಿ ಐತ್ರಿ?"

"ಮುಧೋಳ! ಮಾಸ್ತರ! ಮಂಗ್ಯಾ!"

ಕೊನೆಯ ಶಬ್ದವನ್ನು ಅವರು ಉದಾಹರಣೆಗೆಂದೇ ಹೇಳಿದರೆಂದು ನಾನು ಈಗಲೂ ನಂಬಿದ್ದೇನೆ. ಆದರೆ ಸ್ಪಷ್ಟವಾಗಿ ಕೇಳಿಸಿದ್ದು ಅದೊಂದೇ. ಎಂ ಹೊಡೆದೆ. ಪಿಲ್ಲೋ ಇಳಿಯತೊಡಗಿತು. ಈ ಸಲ "ಈಗಾಗಲೇ ಇದೆ" ಎನ್ನಲಿಲ್ಲ. ನಿಜಕ್ಕೂ ಬಂತು! ಪ್ರೋಗ್ರಾಮು ಓಡಿಸಿದೆ. ಟೀವಿಯ ತುಂಬ ಸೀರೆ! ರಾಣಿ ಬಣ್ಣದ ಒಡಲು, ದಡಿಯ ತುಂಬ ಗುಬ್ಬಿ!

"ಬಂತ್ರೀ! ಗುಬ್ಬಿ ಬಂದೂ!" ಎಂದು ಕೂಗುತ್ತ ಹಿತ್ತಲಿಗೆ ಓಡಿದೆ. ಒಂದು ಕಾಲಿಗೆ ಮಾತ್ರ ಚಪ್ಪಲಿ ಇತ್ತು.

ಶೆಡ್ಡಿನಲ್ಲಿ ಯಾರಿಗೂ ನನ್ನ ಅವಸರವಿರಲಿಲ್ಲ. ಶಾಂತಕ್ಕ ಒಂದು ಮಣೆಯ ಮೇಲೆ ಕೂತಿದ್ದರು. ಅವರ ತೊಡೆಯ ಮೇಲೆ, ನೆಗೆಣ್ಣಿಯ ತೊಡೆಯ ಮೇಲೆ, ಅತ್ತೆಯ ಭುಜದ ಮೇಲೆ, ಎಲ್ಲೆಲ್ಲೂ ಬಣ್ಣ ಬಣ್ಣದ ನೂಲಿನ ಲಡಿಗಳು. ಒಂದರ ಪಕ್ಕ ಒಂದನ್ನು ಇಟ್ಟು, ಬೆಳಕಿಗೆ ಹಿಡಿದು, ಬೇಡವೆಂದು ತೆಗೆದು, ಮತ್ತೊಂದನ್ನು ಇಟ್ಟು ನೋಡುತ್ತಿದ್ದರು. ಗಿರಿಜಾ ಒಂದೊಂದನ್ನೇ ಎತ್ತಿ ಕೊಡುತ್ತಿದ್ದಳು.

"ಆತ ನೋಡ್ರಿ," ಎಂದರು ಶಾಂತಕ್ಕ. "ಅರಿಶಿಣ ಒಡಲು, ನೇರಳಿ ಹಣ್ಣಿನಂಥಾ ಜಾಂಬಳಿ ದಡಿ, ಸೆರಗೂ ಜಾಂಬಳಿ. ಹಾಕಿಬಿಡ ತಮ್ಮಾ ಹಾಸು."

ಮಲ್ಲುವಿನ ಕಣ್ಣಲ್ಲಿ ನೀರು ಬಂದಿತ್ತು. ಇಲ್ಲಿಗೆ ಎಲ್ಲವೂ ಮುಗಿದಿತ್ತು. ಆರ್ಡರು ಸಿಕ್ಕಿತ್ತು. ನಾನು ಬಾಯಿ ಮುಚ್ಚಿಕೊಂಡು ಇನ್ನೊಂದು ಚಪ್ಪಲಿ ಹುಡುಕಿಕೊಂಡಿದ್ದರೆ ಸಾಕಿತ್ತು.

"ಹಂಗ ಹ್ಯಾಂಗ ಆದೀತ್ರಿ!" ಎಂದೆ. "ಟೀವ್ಯಾಗ ಒಮ್ಮೆ ನೋಡರಿ. ಅರಿಶಿಣ, ಜಾಂಬಳಿ ಹಾಕಿ ತೋರಸತೇನಿ. ಉಟ್ರ ಹ್ಯಾಂಗ ಕಾಣತೈತಿ ಅಂತ ಖಾತ್ರಿ ಆಗತೈತಿ."

"ಬ್ಯಾಡ್ರಿ," ಎಂದಳು ಗಿರಿಜಾ.

"ಮಾಮಾ, ಬ್ಯಾಡ," ಎಂದ ಮಲ್ಲು.

"ತೋರಸಲಿ ಬಿಡ್ರಿ, ಪಾಪ, ಮುಂಜಾನಿಂದ ಒದ್ದಾಡ್ಯಾರು," ಎಂದರು ಶಾಂತಕ್ಕ. ಎಲ್ಲರೂ ಒಳಗೆ ಬಂದೆವು.

ಇಲ್ಲಿ ಒಂದು ಮಾತು ಹೇಳಬೇಕು. ಬೆಳಿಗ್ಗೆ ನಾನು ಮುಟ್ಟಿದ್ದು ಪೈಥಾನನ್ನು ಮಾತ್ರವಲ್ಲ. ಗೋಡೆಗೆ ತೂಗುಹಾಕಿದ ಸೀರೆ ನೀರಸವೆನ್ನಿಸಿ, ಗಿರಿಜಾ ಅದೇ ಸೀರೆ ಉಟ್ಟು ನಗುತ್ತ ನಿಂತ ಫೋಟೋವನ್ನು ಆ ಜಾಗದಲ್ಲಿ ಇಟ್ಟಿದ್ದೆ. ಹೆಂಡತಿಗೆ ಖುಷಿಯಾಗಲೆಂದು. ಅದನ್ನು ಪರೀಕ್ಷೆ ಮಾಡಿ ನೋಡಲು ಪ್ರೋಗ್ರಾಮು ಓಡಿದ್ದರೆ ತಾನೆ!

ನನ್ನ ಪ್ರೋಗ್ರಾಮಿಗೆ ಗೊತ್ತಿದ್ದುದು ಇಷ್ಟೇ: ರಾಣಿ ಬಣ್ಣಕ್ಕೆ ಹತ್ತಿರವಿರುವುದನ್ನೆಲ್ಲ ಹೇಳಿದ ಬಣ್ಣಕ್ಕೆ ಬದಲಿಸು. ಅರಿಶಿನ ಎಂದು ಒತ್ತಿದೆ. ಒಡಲು ಅರಿಶಿನವಾಯಿತು. ಗಿರಿಜಾಳ ಗಲ್ಲವೂ ಅರಿಶಿನವಾಯಿತು. ತುಟಿ, ಮೂಗು, ಕಿವಿ, ಕೈ, ಎಲ್ಲವೂ! ಗೋಡೆಯಗಲದ ಟೀವಿಯಲ್ಲಿ ನನ್ನ ಹೆಂಡತಿ ಮಾಗಿದ ಬಾಳೆಹಣ್ಣಿನಂತೆ ನಗುತ್ತಿದ್ದಳು.

"ಅಯ್ಯ ನನ್ನವ್ವನ!" ಎಂದು ಶಾಂತಕ್ಕ ಎದೆ ಹಿಡಿದುಕೊಂಡರು. "ಕಾಮಾಲಿ ಆದಂಗ ಆಗೈತಲ್ಲ! ಅರಿಶಿಣ ಉಟ್ರ ಮಾರಿ ಹಿಂಗ ಕಾಣತೈತೇನು? ಬ್ಯಾಡ ತಮ್ಮಾ, ತಡಿ, ಹಾಸು ಹಾಕಬ್ಯಾಡ. ನಮ್ಮ ಬಳಗದಾಗ ಎಲ್ಲಾರೂ ಹಿಂಗ ಕಂಡ್ರ ಮಂದಿ ಏನ ಅಂದಾರು?"

ಮಲ್ಲು ಗೋಡೆಗೆ ಆತುಕೊಂಡ. ನಾನು ಗಾಬರಿಯಲ್ಲಿ ಮತ್ತೊಂದು ಬಟನ್ ಒತ್ತಿದೆ. ಗಿರಿಜಾ ಜಾಂಬಳಿ ಬಣ್ಣವಾದಳು.

ಪಟಕ್! ಟೀವಿ ಆರಿತು. ತಿರುಗಿ ನೋಡಿದರೆ ಗಿರಿಜಾ ಗೋಡೆಯ ಬಳಿ ಪ್ಲಗ್ ಕೈಯಲ್ಲಿ ಹಿಡಿದು ನಿಂತಿದ್ದಾಳೆ.

"ಕರೆಂಟ್ ಹೋತ್ರೀ," ಎಂದಳು.

ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಹಿತ್ತಲಲ್ಲಿ ಮಗ್ಗಗಳು ಖಟಾಪಟಿ ಎನ್ನುತ್ತಿದ್ದವು.

ಗಿರಿಜಾ ಪ್ಲಗ್ ಕೆಳಗಿಟ್ಟು, ಸೀದಾ ಶೆಡ್ಡಿಗೆ ಹೋಗಿ ಅರಿಶಿನದ ಲಡಿಯೊಂದನ್ನೂ ಜಾಂಬಳಿಯ ಲಡಿಯೊಂದನ್ನೂ ತಂದಳು. ಅರಿಶಿನವನ್ನು ಭುಜದ ಮೇಲಿಂದ ಇಳಿಬಿಟ್ಟು, ಜಾಂಬಳಿಯನ್ನು ಅದರ ಅಂಚಿಗೆ ಹಿಡಿದು, ಬಾಗಿಲ ಬೆಳಕಿಗೆ ಮುಖ ಮಾಡಿ ನಿಂತಳು.

"ಈಗ ಹೇಳ್ರಿ ಅಕ್ಕಾರ. ನನ್ನ ಮಾರಿ ಹ್ಯಾಂಗ ಕಾಣತೈತಿ?"

ಶಾಂತಕ್ಕ ಅವಳನ್ನು ನೋಡಿದರು. ಆರಿದ ಟೀವಿಯನ್ನು ನೋಡಿದರು. ತಿರುಗುವ ಫ್ಯಾನನ್ನು ನೋಡಿದರು. ಆಮೇಲೆ ನಗಲು ಶುರು ಮಾಡಿದರು. ಎಂಥ ನಗೆ! ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅವರ ನೆಗೆಣ್ಣಿ, ಅತ್ತೆ, ಓಣಿಯ ಹೆಂಗಸರು, ಕೊನೆಗೆ ಮಲ್ಲು, ಎಲ್ಲರೂ ನಕ್ಕರು.

"ಬಂಗಾರದಂಗ ಕಾಣತಿ ಬೇ! ಅರಿಶಿಣಾನ ಇರಲಿ. ಹಾಸು ಹಾಕ ತಮ್ಮಾ," ಎಂದರು.

ಹೊರಡುವಾಗ ಅತ್ತೆ ಅವರಿಗೆ ಕುಂಕುಮ ಹಚ್ಚಿದರು. ನಾನು ಜಗುಲಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಅಪ್ಪಿಕೊಂಡು ನಿಂತಿದ್ದೆ. ಶಾಂತಕ್ಕ ಅತ್ತೆಯ ಕೈ ಹಿಡಿದು ಮೆಲ್ಲಗೆ ಕೇಳಿದರು. ಮಗ್ಗದ ಸಪ್ಪಳದ ಮಧ್ಯೆ ಮೆಲ್ಲಗೆ ಎಂದರೆ ಓಣಿಯ ಆ ತುದಿಗೆ ಕೇಳುವಷ್ಟು.

"ಅಲ್ರೀ, ನಿಮ್ಮ ಅಳಿಯಾರು ಉದ್ಯೋಗ ಏನ ಮಾಡತಾರು?"

"ಜಮಖಂಡ್ಯಾಗ ಗಣಿತ ಮಾಸ್ತರ ಅದಾರ್ರೀ. ಸರಕಾರಿ ನೌಕರಿ."

ಶಾಂತಕ್ಕ ಉದ್ದಕ್ಕೆ ಉಸಿರು ಬಿಟ್ಟರು.

"ಸದ್ಯ! ನಾ ಎಲ್ಲೆ ಇದ ಅವರ ಉದ್ಯೋಗ ಅಂತ ತಿಳಕೊಂಡಿದ್ನಿ. ನಿಮ್ಮ ಮಗಳನ್ನ ನೆನಿಸಿ ಹೊಟ್ಟಿ ಚುರ್ ಅಂದಿತ್ತ ನೋಡ್ರಿ ನನಗ."